ನೇರಳೆಯ ಕಲೆ ಕಲಿಸುವ ರಸಾಯನ ಪಾಠ



ಮುಂಗಾರಿನ ಆರಂಭದಲ್ಲಿ ನೇರಳೆ ಹಣ್ಣು ತಿಂದು ನಾಲಿಗೆ ನೋಡಿಕೊಳ್ಳದವರು ಯಾರಿದ್ದಾರೆ? ಅದೇ ರಸ ಅಂಗಿಗೆ ತಾಗಿದಾಗ ಸಾಬೂನು ಹಚ್ಚಿದರೆ ಕಲೆ ನೀಲಿಗೆ ತಿರುಗುತ್ತದೆ. ನಿಂಬೆರಸ ಹಿಂಡಿದರೆ ಕೆಂಪಾಗುತ್ತದೆ. ಒಂದೇ ಬಣ್ಣ ಹೀಗೆ ವೇಷ ಬದಲಿಸುವುದೇಕೆ?

ಇದಕ್ಕೆ ಕಾರಣ ಆಂಥೋಸಯನಿನ್ ಎಂಬ ವರ್ಣದ್ರವ್ಯಗಳು. ಗ್ರೀಕ್ ಭಾಷೆಯ 'ಹೂವು' ಮತ್ತು 'ನೀಲಿ' ಎಂಬ ಪದಗಳನ್ನು ಸೇರಿಸಿ 1835ರಲ್ಲಿ ಜರ್ಮನಿಯ ಲುಡ್ವಿಗ್ ಮಾರ್ಕ್ವಾರ್ಟ್ ಈ ಹೆಸರನ್ನಿಟ್ಟರು. ನೇರಳೆ, ಕಪ್ಪು ದ್ರಾಕ್ಷಿ, ಹಿಪ್ಪುನೇರಳೆ ಹಣ್ಣು, ಪುನರ್ಪುಳಿ ಎಲ್ಲಕ್ಕೂ ಬಣ್ಣ ಕೊಡುವವು ಇವೇ. ಇವು ಜೀವಕೋಶದ ರಸದಾನಿಯೊಳಗೆ ನೀರಿನಲ್ಲಿ ಕರಗಿರುತ್ತವೆ. ಆದ್ದರಿಂದಲೇ ಹಣ್ಣು ಹಿಸುಕಿದೊಡನೆ ಬಣ್ಣ ಕೈಗೆ ಅಂಟುತ್ತದೆ. ಟೊಮೇಟೊವಿನ ಕೆಂಪು ಹಾಗಲ್ಲ. ಅದು ಲೈಕೋಪೀನ್, ಎಣ್ಣೆಯಲ್ಲಿ ಕರಗುವಂಥದು.

ಗಿಡಕ್ಕೆ ಈ ಬಣ್ಣ ಏಕೆ ಬೇಕು? ಬೀಜ ಬಲಿಯುವ ತನಕ ಕಾಯಿ ಹಸಿರಾಗಿದ್ದು ಎಲೆಗಳ ನಡುವೆ ಅಡಗಿರುತ್ತದೆ. ಬಲಿತ ಮೇಲೆ ಬಣ್ಣ ಏರುತ್ತದೆ. ಹಕ್ಕಿ ಹಣ್ಣನ್ನು ಕಂಡು ತಿಂದು, ಬೀಜವನ್ನು ದೂರ ಬೀಳಿಸುತ್ತದೆ.

ಇನ್ನು ವೇಷ ಬದಲಾವಣೆಯ ಗುಟ್ಟು. ಹುಳಿಯಲ್ಲಿ, ಅಂದರೆ ಆಮ್ಲದಲ್ಲಿ, ಈ ಅಣು ಧನ ವಿದ್ಯುದಂಶ ಹೊಂದಿ ಕೆಂಪಾಗಿ ಕಾಣುತ್ತದೆ. ಆಮ್ಲ ಕಡಿಮೆಯಾದಂತೆ ಅದು ಪ್ರೋಟಾನ್‌ಗಳನ್ನು ಕಳೆದುಕೊಳ್ಳುತ್ತದೆ. ಆಗ ಅದು ಹೀರುವ ಬೆಳಕೇ ಬೇರೆಯಾಗಿ, ನಮಗೆ ನೇರಳೆ, ನೀಲಿ ಛಾಯೆಗಳು ಕಾಣುತ್ತವೆ. ನಿಮ್ಮ ಪ್ರಯೋಗಶಾಲೆಯ ಲಿಟ್ಮಸ್ ಮಾಡುವ ಕೆಲಸವನ್ನೇ ನೇರಳೆ ರಸವೂ ಮಾಡುತ್ತದೆ.

ನೀವೇ ಪರೀಕ್ಷಿಸಿ ನೋಡಿ. ಪುನರ್ಪುಳಿಯ ಒಣ ಸಿಪ್ಪೆಯನ್ನು ನೀರಿನಲ್ಲಿ ನೆನೆಹಾಕಿ. ಆ ಕೆಂಪು ರಸಕ್ಕೆ ಅಡುಗೆ ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ ಹಾಕಿ. ಮೊದಲು ನೊರೆ ಏಳುತ್ತದೆ. ನೊರೆ ನಿಂತ ಮೇಲೂ ತುಸು ಹಾಕಿದರೆ ಕೆಂಪು ಹೋಗಿ ನೀಲಿ ಅಥವಾ ಹಸಿರು ಮಿಶ್ರಿತ ಛಾಯೆ ಬರುತ್ತದೆ. ಹೀಗೆ ಪರೀಕ್ಷಿಸಿದ ರಸವನ್ನು ಕುಡಿಯಬೇಡಿ.

ಅಂಗಡಿಯ ಕೆಂಪು ಷರಬತ್ತನ್ನೂ ಹೀಗೆಯೇ ನೋಡಬಹುದು. ಸಿಪ್ಪೆಯಿಂದ ಬಂದ ಬಣ್ಣವಾದರೆ ಬದಲಾಗಬೇಕು. ಕೃತಕ ಕೆಂಪು ಬಣ್ಣಗಳು ಸಾಮಾನ್ಯವಾಗಿ ಬದಲಾಗುವುದಿಲ್ಲ. ಆದರೆ ತೀರ್ಪಿಗೆ ಆತುರ ಬೇಡ. ಬೀಟ್‌ರೂಟಿನ ಕೆಂಪು ಬೀಟಾಲೈನ್ ಎಂಬ ಬೇರೊಂದು ಸಹಜ ವರ್ಣದ್ರವ್ಯ. ಅದು ಸೋಡಾಕ್ಕೆ ಸುಲಭವಾಗಿ ಬಗ್ಗದು. ಬಣ್ಣ ಬದಲಾಗದಿದ್ದರೆ ಅದು ಪುನರ್ಪುಳಿಯ ಬಣ್ಣವಲ್ಲವೆಂದು ಸಂಶಯಪಡಬಹುದೇ ಹೊರತು, ಕೃತಕವೆಂದೇ ಸಾಧಿಸಿದಂತಾಗುವುದಿಲ್ಲ. ಪ್ರಯೋಗ ಎಷ್ಟನ್ನು ಹೇಳುತ್ತದೆಯೋ ಅಷ್ಟನ್ನೇ ನಂಬುವುದು ವಿಜ್ಞಾನದ ಮೊದಲ ಶಿಸ್ತು.