ಸೂಜಿ ಮಾಡಿಸಿದ ರಾತ್ರಿ ಕೂಸಿಗೆ ಫಿಟ್ಸ್ ಬಂದರೆ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕಿನ ಹಳ್ಳಿಗಳಲ್ಲಿ ಗುರುವಾರವೆಂದರೆ ಕೂಸುಗಳಿಗೆ ಸೂಜಿ ಹಾಕುವ ದಿನ. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಸೇರಿ ಐದು ರೋಗಗಳಿಗೆ ಒಂದೇ ಸೂಜಿ. ಆ ರಾತ್ರಿ ಕೂಸಿನ ಮೈ ಸುಡುತ್ತದೆ, ತೊಡೆ ಬಾಯುತ್ತದೆ. ಎಲ್ಲೋ ಒಂದು ಮನೆಯಲ್ಲಿ ಕೈಕಾಲು ಸೆಟೆದು ಫಿಟ್ಸೂ ಬರುತ್ತದೆ. “ಇನ್ನ ಸೂಜಿ ಬ್ಯಾಡವ್ವಾ, ಕೂಸು ಉಳದ್ರ ಸಾಕು” ಎಂದು ಅತ್ತೆ ಹಟ ಹಿಡಿದರೆ ಸೊಸೆ ಏನು ಮಾಡಿಯಾಳು?

ಅತ್ತೆಯ ಹೆದರಿಕೆ ಸುಳ್ಳಲ್ಲ. 1981ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿದಾಗ 1,750 ಡಿಪಿಟಿ ಸೂಜಿಗೆ ಒಂದರಂತೆ ಫಿಟ್ಸ್ ಕಂಡಿತ್ತು. ಆದರೆ ಹೆಚ್ಚಿನವು ಜ್ವರದಿಂದ ಬರುವಂಥವು. ಕೆಲವೇ ನಿಮಿಷದಲ್ಲಿ ನಿಲ್ಲುತ್ತವೆ, ಮಿದುಳಿಗೆ ಧಕ್ಕೆಯಿಲ್ಲ.

ಹಾಗಾದರೆ ಮಿದುಳೇ ಕೆಡುತ್ತದೆಂಬ ಮಾತು ಎಲ್ಲಿಂದ ಬಂತು? ನಾಯಿಕೆಮ್ಮಿನ ಸೂಜಿಯ ನಂತರ ಮಿದುಳಿನ ತೊಂದರೆ ಕಂಡ 36 ಮಕ್ಕಳ ಬಗ್ಗೆ 1974ರಲ್ಲಿ ಲಂಡನ್ನಿನ ವೈದ್ಯರು ಬರೆದರು. ಗದ್ದಲವೋ ಗದ್ದಲ! ಬ್ರಿಟನ್ನಿನಲ್ಲಿ ನೂರಕ್ಕೆ ಸುಮಾರು 80 ಮಕ್ಕಳಿಗೆ ಬೀಳುತ್ತಿದ್ದ ಸೂಜಿ 30ರ ಆಸುಪಾಸಿಗೆ ಇಳಿಯಿತು. 1977–79ರಲ್ಲಿ ನಾಯಿಕೆಮ್ಮು ಲಕ್ಷಕ್ಕೂ ಹೆಚ್ಚು ಮಂದಿಗೆ ತಗುಲಿತು, ಕೂಸುಗಳು ಸತ್ತವು. 2006ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಇಂಥದೇ ದೂರಿದ್ದ 14 ಮಂದಿಯನ್ನು ಪರೀಕ್ಷಿಸಿದರೆ, 11 ಮಂದಿಯಲ್ಲಿ ಒಂದೇ ವಂಶವಾಹಿಯ ದೋಷ ಸಿಕ್ಕಿತು. ಕಾಯಿಲೆಯ ಬೇರು ಹುಟ್ಟಿನಲ್ಲೇ ಇತ್ತು. ಸೂಜಿ ಅದನ್ನು ತಂದು ಹಾಕಿದ್ದಲ್ಲ.

ಇತ್ತ ಉತ್ತರ ಕರ್ನಾಟಕದ ಹಳ್ಳಿಗಳಲ್ಲೂ ಕಳೆದ ದಶಕದಲ್ಲಿ ಗಂಟಲಮಾರಿ ಮತ್ತೆ ತಲೆ ಎತ್ತಿತ್ತು. ಸೂಜಿ ತಪ್ಪಿಸಿದರೆ ರೋಗ ಕಾದೇ ಇರುತ್ತದೆ.

ಹಾಗಂತ ಕಣ್ಣು ಮುಚ್ಚಿ ಹಾಕಿಸಬೇಕೆಂದಲ್ಲ. ಸೂಜಿಯಾದ ಮೇಲೆ ಅರ್ಧ ತಾಸು ಅಲ್ಲೇ ಕೂಡ್ರಬೇಕು. ಜ್ವರದ ಔಷಧ ಎಷ್ಟು ಹನಿ ಎಂದು ನರ್ಸಬಾಯಿಯನ್ನು ಕೇಳಿಕೊಂಡೇ ಬರಬೇಕು. ಫಿಟ್ಸ್ ಬಂದರೆ ಉಳ್ಳಾಗಡ್ಡಿ ಮೂಸಿಸುವುದು, ಕೈಗೆ ಕೀಲಿಕೈ ಕೊಡುವುದು ಬೇಡ. ಕೂಸನ್ನು ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನೂ ಹಾಕದೆ, 108ಕ್ಕೆ ಫೋನ್ ಹಚ್ಚಬೇಕು.

ಎಲ್ಲಕ್ಕಿಂತ ಮುಖ್ಯ, ನಡೆದದ್ದನ್ನು ಮುಚ್ಚಿಡಬಾರದು. ಆಶಾ ಕಾರ್ಯಕರ್ತೆಗೆ ಹೇಳಿದರೆ ಮೇಲಿನವರಿಗೆ ವರದಿ ಹೋಗುತ್ತದೆ. ಫಿಟ್ಸ್ ಬಂದ ಕೂಸಿಗೆ ಮುಂದಿನ ಸೂಜಿ ಯಾವುದು, ಯಾವಾಗ ಎಂಬುದನ್ನು ಡಾಕ್ಟರರೇ ತೀರ್ಮಾನಿಸಬೇಕು, ಅತ್ತೆಯೂ ಅಲ್ಲ, ಓಣಿಯವರೂ ಅಲ್ಲ. ಆ ಮಾತನ್ನು ತಾಯಿ ಕಾರ್ಡಿನ ಮೇಲೆ ಬರೆಸಿಕೊಳ್ಳಬೇಕು. ಕಾರ್ಡು ಮಾತ್ರ ಟ್ರಂಕಿನ ತಳ ಸೇರಬಾರದು.