ಮೊದಲ ಮಾತು ಯಾರ ಕಿವಿಗೆ?

ಮುಂಬಯಿಯ ಅಂಧೇರಿ ಪೂರ್ವದಲ್ಲಿರುವ ಸೀಪ್ಜ್ ಕೈಗಾರಿಕಾ ಆವರಣದೊಳಗೆ, 1579ರಲ್ಲಿ ಯೇಸುಸಭೆಯ ಗುರುಗಳು ಕಟ್ಟಿಸಿದ ಸ್ನಾನಿಕ ಯೋಹಾನರ ಚರ್ಚಿನ ಗೋಡೆಗಳು ಇಂದಿಗೂ ಉಳಿದಿವೆ. 1840ರಲ್ಲಿ ಸಾಂಕ್ರಾಮಿಕ ರೋಗಕ್ಕೆ ಹೆದರಿದ ಭಕ್ತರು ಅದನ್ನು ಬಿಟ್ಟು ಮರೋಳಕ್ಕೆ ಸರಿದರು. ಕಟ್ಟಡ ಪಾಳುಬಿತ್ತು, ಸಮುದಾಯ ಉಳಿಯಿತು. ಇಲ್ಲಿನ ಮೂಲದವರಾದ ಈಸ್ಟ್ ಇಂಡಿಯನ್ ಕ್ರೈಸ್ತರ ಜೊತೆಗೆ ಗೋವಾ, ಕೇರಳದವರೂ ಮಂಗಳೂರು-ಉಡುಪಿ ಕಡೆಯ ಕುಟುಂಬಗಳೂ ಬಂದು ಸೇರಿದವು. ಹೀಗೆ ಹಲವು ಊರುಗಳ ಜನ ಕೂಡಿ ಬಾಳುವಲ್ಲಿ, ಒಬ್ಬರ ತಪ್ಪನ್ನು ಇನ್ನೊಬ್ಬರು ಹೇಗೆ ಹೇಳಬೇಕು? ಹೇಳಿದರೆ ಸಂಬಂಧ ಕೆಡುತ್ತದೆ, ಹೇಳದಿದ್ದರೆ ಸಮುದಾಯವೇ ಕೆಡುತ್ತದೆ ಎಂಬ ಇಕ್ಕಟ್ಟು ಎಲ್ಲ ಚರ್ಚುಗಳಲ್ಲೂ ಇದೆ. ಅದರಿಂದ ಹೊರಬರುವ ದಾರಿ, ಮೊದಲ ಮಾತು ಯಾರ ಕಿವಿಗೆ ಬೀಳುತ್ತದೆ ಎಂಬುದರಲ್ಲಿದೆ.

ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯ ಇದಕ್ಕೊಂದು ಕ್ರಮ ಹೇಳುತ್ತದೆ. ಮೊದಲು ತಪ್ಪು ಮಾಡಿದವನೊಡನೆ ಒಬ್ಬನೇ ಮಾತಾಡಬೇಕು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಬೇಕು. ಸಭೆಯ ಮುಂದೆ ಹೇಳುವುದು ಆಮೇಲೆ. ಅವನ ಮಾನ ಉಳಿಯಲಿ, ತಿದ್ದಿಕೊಳ್ಳಲು ಅವಕಾಶ ಸಿಗಲಿ ಎಂಬುದೇ ಇದರ ಉದ್ದೇಶ. ರೂಢಿಯಲ್ಲಿ ಇದು ತಲೆಕೆಳಗಾಗುತ್ತದೆ: ಊರಿಗೆಲ್ಲ ಗೊತ್ತಾದ ಸುದ್ದಿ ಸಂಬಂಧಪಟ್ಟವನಿಗೆ ಕೊನೆಗೆ ಮುಟ್ಟುತ್ತದೆ. ಮುಂಬಯಿ ಮಹಾಧರ್ಮಪ್ರಾಂತದಲ್ಲಿ 1980ರ ದಶಕದಿಂದ ಬೆಳೆದುಬಂದ ಕಿರು ಸಮುದಾಯಗಳಲ್ಲಿ ಅಕ್ಕಪಕ್ಕದ ಮನೆಗಳವರು ಸೇರಿ ಪ್ರಾರ್ಥಿಸುತ್ತಾರೆ. ಯಾರ ಮನೆಯಲ್ಲಿ ಕುಡಿತ, ಯಾರಲ್ಲಿ ಆಸ್ತಿ ಜಗಳ ಎಂದು ತಿಳಿಯುವುದು ಇಂಥ ಕಡೆಯೇ. ಆ ತಿಳಿವಳಿಕೆ ನೆರವಿಗೂ ಒದಗಬಹುದು, ಚಾಡಿಗೂ ಒದಗಬಹುದು. 1983ರ ಕಥೋಲಿಕ ಧರ್ಮಸಭೆಯ ಕಾನೂನು ಎರಡೂ ಬದಿಯನ್ನು ಕಂಡಿದೆ: ಸಭೆಯ ಹಿತಕ್ಕಾಗಿ ತಮ್ಮ ಅಭಿಪ್ರಾಯವನ್ನು ಗುರುಗಳಿಗೆ ತಿಳಿಸುವ ಹಕ್ಕು, ಕೆಲವೊಮ್ಮೆ ಕರ್ತವ್ಯವೂ, ಭಕ್ತರಿಗಿದೆ ಎನ್ನುತ್ತದೆ 212ನೇ ವಿಧಿ, ಯಾರ ಒಳ್ಳೆಯ ಹೆಸರಿಗೂ ಅನ್ಯಾಯವಾಗಿ ಮಸಿ ಬಳಿಯಬಾರದು ಎನ್ನುತ್ತದೆ 220ನೇ ವಿಧಿ.

ತೀರ್ಪು ಮಾಡಬೇಡಿ ಎಂದು ಯೇಸುವೇ ಹೇಳಿದ್ದಾನಲ್ಲ ಎಂದು ಕೆಲವರು ಕೇಳುತ್ತಾರೆ. ಅದೇ ಬೋಧನೆ, ಮೊದಲು ನಿನ್ನ ಕಣ್ಣಿನ ತೊಲೆಯನ್ನು ತೆಗೆ, ಆಗ ಸಹೋದರನ ಕಣ್ಣಿನ ರವೆ ತೆಗೆಯಲು ದೃಷ್ಟಿ ನಿಚ್ಚಳವಾಗುತ್ತದೆ ಎಂಬ ಅರ್ಥದಲ್ಲಿ ಮುಂದುವರಿಯುತ್ತದೆ. ಅಲ್ಲಿ ನಿಷೇಧವಿರುವುದು ಕಪಟಕ್ಕೆ, ತಿದ್ದುವುದಕ್ಕಲ್ಲ. ತಿದ್ದುವ ಹೆಸರಿನಲ್ಲಿ ದೊಡ್ಡವರು ದರ್ಪ ತೋರುತ್ತಾರೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಉದಾಹರಣೆಗೆ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಮುಂದೆ ನೇಯ್ಗೆ ಮತ್ತು ಹಂಚಿನ ಕಾರ್ಖಾನೆಗಳನ್ನು ನಡೆಸಿ ಹೊಸ ಕ್ರೈಸ್ತರಿಗೆ ಕೆಲಸ ಕೊಟ್ಟಿತು. ಅದು ದೊಡ್ಡ ಉಪಕಾರ, ನಿಜ. ಆದರೆ ಅನ್ನ ಕೊಡುವ ಸಂಸ್ಥೆಯೇ ನಡತೆಯನ್ನೂ ವಿಚಾರಿಸುವಾಗ ಕೇಳುವವನಿಗೆ ಪ್ರೀತಿಗಿಂತ ಭಯವೇ ಮೊದಲು ತಟ್ಟುತ್ತದೆ. ಆದ್ದರಿಂದ ಅಧಿಕಾರ ಇರುವವರು ತಾವೇ ಮೊದಲು ತಿದ್ದುಪಡಿಗೆ ಒಡ್ಡಿಕೊಳ್ಳಬೇಕು. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನಾಂಗದ ವಿಶ್ವಾಸಿಗಳೊಡನೆ ಊಟಕ್ಕೆ ಕೂರುವುದನ್ನು ಬಿಟ್ಟಾಗ ಪೌಲ ಅವನನ್ನು ಎಲ್ಲರ ಮುಂದೆಯೇ ಪ್ರಶ್ನಿಸಿದ. ದೊಡ್ಡವನ ತಪ್ಪು ಬಹಿರಂಗವಾಗಿತ್ತು, ನೋವು ಕೆಳಗಿನವರದಾಗಿತ್ತು. ಭಾರತದ ಕಥೋಲಿಕ ಬಿಷಪರ ಮಂಡಳಿ 2016ರಲ್ಲಿ ದಲಿತರ ಸಬಲೀಕರಣ ನೀತಿಯನ್ನು ಪ್ರಕಟಿಸಿ, ಸಭೆಯೊಳಗೂ ಅಸ್ಪೃಶ್ಯತೆ ಇದೆ ಎಂದು ಒಪ್ಪಿಕೊಂಡದ್ದು ಇದೇ ದಾರಿಯ ಹೆಜ್ಜೆ.

ಗುಟ್ಟಾಗಿ ಹೇಳುವ ನಿಯಮಕ್ಕೆ ಒಂದು ಗಡಿಯೂ ಇದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಾಗ ಒಳಗೊಳಗೇ ಮಾತಾಡಿ ಮುಗಿಸುವುದು ಪಾಪ, ಅಪರಾಧವೂ ಹೌದು. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಚರ್ಚಿನ ಹೆಸರು ಉಳಿಸಲು ಬಾಯಿ ಮುಚ್ಚಿಕೊಳ್ಳುವುದು ತಪ್ಪು ಮಾಡಿದವನನ್ನು ಕಾಯುತ್ತದೆ, ನೊಂದ ಮಗುವನ್ನು ಒಂಟಿಯಾಗಿಸುತ್ತದೆ. ಕಿರು ಸಮುದಾಯದ ಮುಖಂಡರೂ ಪಾಲನಾ ಮಂಡಳಿಯ ಸದಸ್ಯರೂ ಗುರುಗಳೂ ಈ ಎರಡನ್ನು ಪಾಲಿಸಲಿ: ನೆರೆಯವನ ತಪ್ಪನ್ನು ಅವನಿಗೇ ಮೊದಲು ಹೇಳಿ, ದುರ್ಬಲರಿಗೆ ಅನ್ಯಾಯವಾದರೆ ಕಾನೂನಿನ ಬಾಗಿಲು ತಟ್ಟಲು ತಡಮಾಡಬೇಡಿ.