ರಜೆಯಲ್ಲಿ ಕಡಲಾಳದ ಪಾಠ: ಸ್ಕೂಬಾ ಪ್ರಮಾಣಪತ್ರಕ್ಕೆ ಹೊರಡುವ ಮುನ್ನ

ಶುಕ್ರವಾರ ರಾತ್ರಿ ರಾಜಾಜಿನಗರದ ನವರಂಗ್ ವೃತ್ತದ ಬಳಿ ಅರ್ಧ ಗಂಟೆ ನಿಂತರೆ ಸಾಕು, ಬೆಂಗಳೂರಿಗರ ರಜೆಯ ಅಭಿರುಚಿ ಬದಲಾಗಿರುವುದು ಕಣ್ಣಿಗೆ ಬೀಳುತ್ತದೆ. ಕರಾವಳಿಯ ಬಸ್ಸಿಗಾಗಿ ಕಾದು ನಿಂತವರಲ್ಲಿ ಮುರುಡೇಶ್ವರನ ದರ್ಶನಕ್ಕೆ ಹೊರಟ ಹಿರಿಯರಿದ್ದಾರೆ. ಅವರ ಪಕ್ಕದಲ್ಲೇ, ಅದೇ ಊರಿನ ಕಡಲಿಗೆ ಧುಮುಕಲು ಹೊರಟ ಕಿರಿಯರೂ ಇದ್ದಾರೆ. ಬಸ್ಸು ಒಂದೇ, ಊರು ಒಂದೇ. ಯಾತ್ರೆ ಮಾತ್ರ ಬೇರೆ.

ಮುರುಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ದೂರದಲ್ಲಿರುವ ನೇತ್ರಾಣಿ ದ್ವೀಪವು ಭಟ್ಕಳ ತಾಲ್ಲೂಕಿಗೆ ಸೇರಿದ್ದು. ಮೀನುಗಾರರಿಗೆ ತಲೆಮಾರುಗಳಿಂದ ಪರಿಚಿತವಾಗಿದ್ದ ಈ ಬಂಡೆಗಲ್ಲಿನ ದ್ವೀಪ ನಗರವಾಸಿಗಳ ಬಾಯಲ್ಲಿ ಬಂದದ್ದು ಸ್ಕೂಬಾ ಡೈವಿಂಗ್‌ನಿಂದ. ಪುನೀತ್ ರಾಜ್‌ಕುಮಾರ್ ಅವರ ನಿಧನಾನಂತರ, 2022ರ ಅಕ್ಟೋಬರ್‌ನಲ್ಲಿ ತೆರೆಕಂಡ ‘ಗಂಧದ ಗುಡಿ’ ಕರ್ನಾಟಕದ ಕಾಡು ಕಡಲುಗಳನ್ನು ತೋರಿಸಿದ ಬಳಿಕವಂತೂ ಈ ಕುತೂಹಲ ಇನ್ನಷ್ಟು ಹೆಚ್ಚಿತು.

ಆದರೆ ಕಡಲೊಳಗೆ ಒಮ್ಮೆ ಇಣುಕಿ ಬರುವುದು ಬೇರೆ, ಮುಳುಗುಗಾರನೆಂಬ ಪ್ರಮಾಣಪತ್ರ ಪಡೆಯುವುದು ಬೇರೆ. ಈ ವ್ಯತ್ಯಾಸ ತಿಳಿಯದೆ ರಜೆ, ಹಣಗಳೆರಡನ್ನೂ ಕಳೆದುಕೊಳ್ಳುವ ಸಾಧ್ಯತೆ ಇದೆ. ಕೆಲವೊಮ್ಮೆ ಆರೋಗ್ಯವನ್ನೂ.

ಒಂದು ದಿನದ ಇಣುಕುನೋಟ

ನೇತ್ರಾಣಿಯಲ್ಲಿ ಬಹುತೇಕ ಪ್ರವಾಸಿಗರು ಮಾಡುವುದು ಪರಿಚಯಾತ್ಮಕ ಡೈವ್. ಈಜು ಬಾರದವರನ್ನೂ ಇದಕ್ಕೆ ಕರೆದೊಯ್ಯುವುದುಂಟು. ತರಬೇತುದಾರರು ಪಕ್ಕದಲ್ಲೇ ಇದ್ದು ಕೈಹಿಡಿದು ಕೊಂಡೊಯ್ಯುತ್ತಾರೆ. ಇಂಥ ಡೈವ್‌ಗೆ ಜಾಗತಿಕ ಸಂಸ್ಥೆಗಳು ಹಾಕಿರುವ ಗರಿಷ್ಠ ಮಿತಿ 12 ಮೀಟರ್. ಹಿಂತಿರುಗಿದ ಮೇಲೆ ನೆನಪಿಗಾಗಿ ಒಂದು ಕಾಗದ ಕೈಗೆ ಬರಬಹುದು. ಅದನ್ನು ಚೌಕಟ್ಟು ಹಾಕಿಸಿ ವಿಜಯನಗರದ ಮನೆಯ ಗೋಡೆಗೆ ತೂಗುಹಾಕಲು ಅಡ್ಡಿಯಿಲ್ಲ; ಆದರೆ ಅಂಡಮಾನ್‌ನಲ್ಲೋ ಥಾಯ್ಲೆಂಡ್‌ನಲ್ಲೋ ತೋರಿಸಿ ಸ್ವತಂತ್ರವಾಗಿ ಡೈವ್ ಮಾಡಲು ಬಾರದು.

ನಿಜವಾದ ಮೊದಲ ಮೆಟ್ಟಿಲು ‘ಓಪನ್ ವಾಟರ್ ಡೈವರ್’ ಪ್ರಮಾಣಪತ್ರ. 1966ರಲ್ಲಿ ಅಮೆರಿಕದಲ್ಲಿ ಆರಂಭವಾದ ಪಾಡಿ, 1970ರ ಎಸ್‌ಎಸ್‌ಐ ಮುಂತಾದ ಸಂಸ್ಥೆಗಳು ಇದನ್ನು ನೀಡುತ್ತವೆ. ಇವು ಸರಕಾರಿ ಪರವಾನಗಿಗಳಲ್ಲ, ಖಾಸಗಿ ತರಬೇತಿ ಸಂಸ್ಥೆಗಳ ಪ್ರಮಾಣಪತ್ರಗಳು. ಆದರೂ ಒಂದು ಸಂಸ್ಥೆಯ ಕಾರ್ಡನ್ನು ಜಗತ್ತಿನಾದ್ಯಂತ ಇತರ ಸಂಸ್ಥೆಗಳ ಡೈವ್ ಕೇಂದ್ರಗಳೂ ಮಾನ್ಯ ಮಾಡುತ್ತವೆ. ಈ ಕಾರ್ಡು ಪಡೆದ ವಯಸ್ಕರು ಮತ್ತೊಬ್ಬ ಪ್ರಮಾಣಿತ ಜತೆಗಾರನೊಡನೆ 18 ಮೀಟರ್ ಆಳದವರೆಗೆ ಇಳಿಯಬಹುದು. ಪಾಡಿಯ ನಿಯಮದಂತೆ 10 ವರ್ಷ ತುಂಬಿದ ಮಕ್ಕಳೂ ಕಿರಿಯರ ವಿಭಾಗದಲ್ಲಿ ಕಲಿಯಬಹುದು. ಅವರಿಗೆ ಆಳದ ಮಿತಿ ಕಡಿಮೆ, ಹಿರಿಯರ ಜತೆ ಕಡ್ಡಾಯ.

ಪಾಠದಲ್ಲಿ ಏನಿರುತ್ತದೆ?

ಶಿಕ್ಷಣ ಮೂರು ಭಾಗದ್ದು. ಮೊದಲನೆಯದು ಸಿದ್ಧಾಂತ. ಒತ್ತಡ, ತೇಲುವಿಕೆ, ಉಸಿರಾಟ, ಸಲಕರಣೆಗಳ ಕುರಿತು ಓದಿ ಪರೀಕ್ಷೆ ಬರೆಯಬೇಕು. ಎರಡನೆಯದು ಈಜುಕೊಳ ಅಥವಾ ಕೊಳದಂತೆ ಶಾಂತವಾದ ಆಳವಿಲ್ಲದ ನೀರಿನಲ್ಲಿ ಅಭ್ಯಾಸ. ಮುಖವಾಡದೊಳಗೆ ನುಗ್ಗಿದ ನೀರನ್ನು ಮೂಗಿನಿಂದ ಗಾಳಿ ಊದಿ ಹೊರಹಾಕುವುದು, ಬಾಯಿಂದ ಜಾರಿದ ಉಸಿರಾಟದ ನಳಿಕೆಯನ್ನು ಮತ್ತೆ ಹಿಡಿಯುವುದು, ಗಾಳಿ ಮುಗಿದ ಜತೆಗಾರನಿಗೆ ತನ್ನ ಎರಡನೇ ನಳಿಕೆಯನ್ನು ನೀಡುವುದು, ಏರದೆ ಇಳಿಯದೆ ನೀರಿನ ನಡುವೆ ನಿಲ್ಲುವುದು – ಇವೆಲ್ಲ ಇಲ್ಲಿಯೇ ಕೈಗೂಡಬೇಕು. ಮೂರನೆಯದು ತೆರೆದ ನೀರಿನಲ್ಲಿ ನಾಲ್ಕು ಡೈವ್‌ಗಳು. ಇವನ್ನು ಒಂದೇ ದಿನದಲ್ಲಿ ಮುಗಿಸುವಂತಿಲ್ಲ, ಕನಿಷ್ಠ ಎರಡು ದಿನ ಬೇಕು.

ಜತೆಗೆ ಈಜಿನ ಪರೀಕ್ಷೆಯೂ ಉಂಟು. ಸಮಯದ ಮಿತಿಯಿಲ್ಲದೆ 200 ಮೀಟರ್ ಈಜಬೇಕು, ಅಥವಾ ಮುಖವಾಡ, ಸ್ನಾರ್ಕೆಲ್, ಕಾಲುರೆಕ್ಕೆ ಧರಿಸಿ 300 ಮೀಟರ್. ಬಳಿಕ 10 ನಿಮಿಷ ಯಾವ ಆಧಾರವೂ ಇಲ್ಲದೆ ತೇಲಬೇಕು. ವೇಗ ಬೇಕಿಲ್ಲ, ನೀರಿನಲ್ಲಿ ನೆಮ್ಮದಿ ಬೇಕು. ಬಸವೇಶ್ವರನಗರದಲ್ಲೋ ಕೆಂಗೇರಿಯಲ್ಲೋ ಮನೆ ಮಾಡಿಕೊಂಡು, ಬಾಲ್ಯದ ಕೆರೆಯ ಈಜನ್ನು ಮರೆತವರು ಹೊರಡುವ ಎರಡು ತಿಂಗಳ ಮುಂಚೆ ಹತ್ತಿರದ ಈಜುಕೊಳಕ್ಕೆ ಸೇರುವುದು ಲೇಸು.

ಒಂದು ಸ್ವಾರಸ್ಯವನ್ನೂ ಗಮನಿಸಿ. ದಡದ ಮೇಲೆ ಹೆಬ್ಬೆರಳನ್ನು ಮೇಲೆತ್ತಿದರೆ ‘ಭೇಷ್’ ಎಂದರ್ಥ. ನೀರೊಳಗೆ ಅದರ ಅರ್ಥ ‘ಮೇಲಕ್ಕೆ ಹೋಗೋಣ’. ಎಲ್ಲವೂ ಸರಿಯಿದೆ ಎನ್ನಲು ಹೆಬ್ಬೆರಳು ತೋರುಬೆರಳುಗಳನ್ನು ಸೇರಿಸಿ ವೃತ್ತ ಮಾಡಬೇಕು. ಹೊಸಬರು ಉತ್ಸಾಹದಲ್ಲಿ ಹೆಬ್ಬೆರಳೆತ್ತಿ ತರಬೇತುದಾರರನ್ನು ಗಾಬರಿಗೊಳಿಸುವುದು ಹೊಸದೇನಲ್ಲ.

ಅರ್ಧ ಮನೆಯಲ್ಲಿ, ಅರ್ಧ ಕಡಲಲ್ಲಿ

ರಜೆಯೇ ನಾಲ್ಕು ದಿನ. ಅದರಲ್ಲಿ ಎರಡು ದಿನ ಪುಸ್ತಕ ಹಿಡಿದು ಕುಳಿತರೆ ಕಡಲು ನೋಡುವುದೆಂದು? ಇದಕ್ಕೆ ಪರಿಹಾರವಿದೆ. ಸಿದ್ಧಾಂತ ಭಾಗವನ್ನು ಅಂತರಜಾಲದ ಮೂಲಕ ಮನೆಯಲ್ಲೇ ಓದಿ ಮುಗಿಸಬಹುದು. ಈಜುಕೊಳದ ಅಭ್ಯಾಸವನ್ನೂ ನಗರದ ತರಬೇತುದಾರರೊಬ್ಬರ ಬಳಿ ಪೂರೈಸಿ, ಅವರಿಂದ ಶಿಫಾರಸು ಪತ್ರ ಪಡೆದು, ನಾಲ್ಕು ಕಡಲ ಡೈವ್‌ಗಳನ್ನಷ್ಟೇ ಪ್ರವಾಸದಲ್ಲಿ ಮುಗಿಸಬಹುದು. ‘ರೆಫರಲ್’ ಎನ್ನುವ ಈ ವ್ಯವಸ್ಥೆಯಲ್ಲಿ ಪಾಡಿ ಪತ್ರದ ಅವಧಿ 12 ತಿಂಗಳು. ಬೇರೆ ಸಂಸ್ಥೆಯ ಕೇಂದ್ರಕ್ಕೆ ಹೋಗುವುದಾದರೆ ಪತ್ರವನ್ನು ಒಪ್ಪುವರೇ ಎಂದು ಮುಂಗಡ ಕಟ್ಟುವ ಮೊದಲೇ ಕೇಳಿಕೊಳ್ಳಬೇಕು.

ಸ್ಥಳದ ಆಯ್ಕೆಯಲ್ಲಿ ಋತುವೇ ಮುಖ್ಯ. ನೇತ್ರಾಣಿಯಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಡೈವಿಂಗ್ ಇರುವುದಿಲ್ಲ. ಮಳೆ ನಿಂತ ಬಳಿಕ ಅಕ್ಟೋಬರ್‌ನಿಂದ ಬೇಸಿಗೆಯ ಕೊನೆಯವರೆಗೆ ಅವಕಾಶ. ಅಲ್ಲಿಯೂ ಗಾಳಿ ಎದ್ದರೆ ದೋಣಿ ಹೊರಡದು. ಅಂಡಮಾನ್‌ನ ಸ್ವರಾಜ್ ದ್ವೀಪ, ಅಂದರೆ 2018ರವರೆಗೆ ಹ್ಯಾವ್‌ಲಾಕ್ ಎನಿಸಿಕೊಂಡಿದ್ದ ದ್ವೀಪ, ಕಲಿಕೆಗೆ ಹೆಸರಾದ ತಾಣ. ಎಲ್ಲಿಗೇ ಹೋದರೂ ಯೋಜನೆಯಲ್ಲಿ ಒಂದು ದಿನವನ್ನು ಗಾಳಿಗೆಂದೇ ಬಿಟ್ಟಿರಬೇಕು.

ಹತ್ತು ಪ್ರಶ್ನೆಗಳ ಆ ಕಾಗದ

ಅನೇಕರ ರಜೆ ಮುಗ್ಗರಿಸುವುದು ಕಡಲಿನಲ್ಲಲ್ಲ, ದಡದ ಮೇಲೆ ಕೈಗೆ ಬರುವ ಆರೋಗ್ಯದ ಪ್ರಶ್ನಾವಳಿಯಲ್ಲಿ. 2020ರಲ್ಲಿ ಪರಿಷ್ಕೃತವಾದ ಈ ನಮೂನೆಯಲ್ಲಿ 10 ಮೂಲ ಪ್ರಶ್ನೆಗಳಿವೆ. ಶ್ವಾಸಕೋಶ, ಹೃದಯ, ಕಿವಿ, ಮೂರ್ಛೆ, ಮಧುಮೇಹ, ಶಸ್ತ್ರಚಿಕಿತ್ಸೆ, ಸೇವಿಸುವ ಔಷಧ – ಎಲ್ಲದರ ವಿಚಾರಣೆಯೂ ಅದರಲ್ಲಿದೆ. ವಯಸ್ಸು 45 ದಾಟಿದವರಿಗೆ ಧೂಮಪಾನ, ರಕ್ತದೊತ್ತಡ, ಕೊಲೆಸ್ಟರಾಲ್ ಕುರಿತ ಹೆಚ್ಚುವರಿ ಪ್ರಶ್ನೆಗಳಿವೆ. ಕೆಲವಕ್ಕೆ ‘ಹೌದು’ ಎಂದರೆ ವೈದ್ಯರ ಸಹಿಯಿಲ್ಲದೆ ನೀರಿಗಿಳಿಸುವಂತಿಲ್ಲ.

ಧೂಳು, ಪರಾಗಗಳ ನಮ್ಮ ನಗರದಲ್ಲಿ ಉಬ್ಬಸ, ಅಲರ್ಜಿಗಳು ಮನೆಮನೆಯ ಮಾತು. ಇನ್‌ಹೇಲರ್ ಬಳಸುವವರು ಮುರುಡೇಶ್ವರದ ಕಟ್ಟೆಯ ಮೇಲೆ ಕುಳಿತು ‘ಹೌದು’ ಎಂದು ಗುರುತು ಹಾಕಿದರೆ, ಆ ಹೊತ್ತಿನಲ್ಲಿ ವೈದ್ಯರನ್ನು ಎಲ್ಲಿಂದ ತರುವುದು? ಆಗ ಹುಟ್ಟುವುದೇ ‘ಇಲ್ಲ’ ಎಂದು ಬರೆದುಬಿಡುವ ಆಸೆ. ಹಣ ಕಟ್ಟಿಯಾಗಿದೆ, ಗೆಳೆಯರು ಕಾಯುತ್ತಿದ್ದಾರೆ, ಯಾರಿಗೂ ತಿಳಿಯದು ಎನ್ನಿಸುತ್ತದೆ. ಆದರೆ ನೀರಿಗೆ ತಿಳಿಯುತ್ತದೆ. ಉಬ್ಬಸದಿಂದ ಕಿರಿದಾದ ಶ್ವಾಸನಾಳದ ಹಿಂದೆ ಗಾಳಿ ಸಿಕ್ಕಿಕೊಂಡರೆ, ಮೇಲೇರುವಾಗ ಅದು ಹಿಗ್ಗಿ ಶ್ವಾಸಕೋಶವನ್ನೇ ಹರಿಯಬಲ್ಲದು. ನಮೂನೆ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಟಿಕೆಟ್ ಕಾಯ್ದಿರಿಸುವ ಮೊದಲೇ ಅದನ್ನು ತುಂಬಿ, ಅಗತ್ಯವಿದ್ದರೆ ವೈದ್ಯರ ಬಳಿ ಹೋಗುವುದೇ ಜಾಣತನ. ಗರ್ಭಿಣಿಯರಿಗೆ ಡೈವಿಂಗ್ ಸಲ್ಲದು. ಶೀತ, ಮೂಗು ಕಟ್ಟಿದ ದಿನವೂ ಇಳಿಯಬಾರದು.

ದೇಹಕ್ಕೆ ಏನಾಗುತ್ತದೆ?

ಪತ್ರಿಕೆಗಳಲ್ಲಿ ‘ಆಮ್ಲಜನಕದ ಸಿಲಿಂಡರ್’ ಎಂದು ಬರೆಯುವುದು ವಾಡಿಕೆ. ಅದು ತಪ್ಪು. ಮನರಂಜನೆಯ ಡೈವಿಂಗ್‌ನ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಇರುವುದು ನಾವು ಉಸಿರಾಡುವ ಗಾಳಿಯೇ, ಸುಮಾರು 200 ಪಟ್ಟು ಒತ್ತಿ ತುಂಬಿದ್ದು. ಶುದ್ಧ ಆಮ್ಲಜನಕವಾದರೋ ಆಳದಲ್ಲಿ ವಿಷವಾಗುತ್ತದೆ.

ಕಡಲಿನಲ್ಲಿ ಪ್ರತಿ 10 ಮೀಟರ್‌ಗೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಅಂದರೆ 10 ಮೀಟರ್ ಆಳದಲ್ಲಿ ಒತ್ತಡ ಎರಡರಷ್ಟು, ಗಾಳಿಯ ಗಾತ್ರ ಅರ್ಧ. ಆದ್ದರಿಂದಲೇ ಇಳಿಯುವಾಗ ಕಿವಿ ನೋಯುತ್ತದೆ. ಮೂಗು ಹಿಡಿದು ಮೆಲ್ಲನೆ ಊದಿ ಸಮಗೊಳಿಸಬೇಕು. ಏರುವಾಗ ಇದರ ತಿರುಗುಮುರುಗು. ಅಲ್ಲಿ ತುಂಬಿಕೊಂಡ ಉಸಿರನ್ನು ಹಿಡಿದಿಟ್ಟು ಮೇಲೆ ಬಂದರೆ ಗಾಳಿ ಇಮ್ಮಡಿಯಾಗಲು ಹೊರಡುತ್ತದೆ. ‘ಎಂದಿಗೂ ಉಸಿರು ಕಟ್ಟಬೇಡಿ’ ಎಂಬುದು ಸ್ಕೂಬಾದ ಮೊದಲ ಪಾಠವಾಗಿರುವುದು ಇದಕ್ಕಾಗಿ.

ಎರಡನೆಯ ಅಪಾಯ ನೈಟ್ರೋಜನ್‌ನದು. ಒತ್ತಡದಲ್ಲಿ ಅದು ರಕ್ತ, ಅಂಗಾಂಶಗಳಲ್ಲಿ ಹೆಚ್ಚಾಗಿ ಕರಗುತ್ತದೆ. ನಿಧಾನವಾಗಿ ಏರಿದರೆ ಉಸಿರಿನೊಡನೆ ಹೊರಹೋಗುತ್ತದೆ. ಅವಸರಪಟ್ಟರೆ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಗುಳ್ಳೆಗಳೇಳುತ್ತವೆ. ಕೀಲು ನೋವು, ಮರಗಟ್ಟುವಿಕೆ, ವಿಪರೀತ ದಣಿವು, ತೀವ್ರವಾದರೆ ಪಾರ್ಶ್ವವಾಯು – ಇವು ಇದರ ಲಕ್ಷಣಗಳು. ಡೈವ್‌ನ ಕೊನೆಗೆ 5 ಮೀಟರ್ ಆಳದಲ್ಲಿ 3 ನಿಮಿಷ ನಿಲ್ಲುವ ಪದ್ಧತಿ ಈ ಕಾರಣಕ್ಕೆ.

ಮರಳುವ ದಾರಿಯ ಲೆಕ್ಕ

ಡೈವ್ ಮಾಡಿದ ಕೂಡಲೇ ವಿಮಾನ ಏರಬಾರದೆಂಬುದು ಈಗ ಹಲವರಿಗೆ ಗೊತ್ತು. ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ಮಾರ್ಗಸೂಚಿಯಂತೆ ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನಗಳ ಡೈವ್ ಆಗಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು. ಪ್ರಮಾಣಪತ್ರದ ಪಾಠ ಎರಡನೇ ಗುಂಪಿಗೆ ಸೇರುತ್ತದೆ.

ಬೆಂಗಳೂರಿಗರು ಮರೆಯುವ ಸಂಗತಿ ಇನ್ನೊಂದಿದೆ. ನಮ್ಮ ಮನೆಯೇ ಎತ್ತರದಲ್ಲಿದೆ! ಆ ಮಾರ್ಗಸೂಚಿ ಅನ್ವಯವಾಗುವುದು ಸುಮಾರು 600 ಮೀಟರ್‌ನಿಂದ 2,400 ಮೀಟರ್ ಎತ್ತರದ ಗಾಳಿಯ ಒತ್ತಡಕ್ಕೆ. ಬೆಂಗಳೂರು ಕಡಲ ಮಟ್ಟದಿಂದ 900 ಮೀಟರ್‌ಗೂ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಶೇ. 10ರಷ್ಟು ಕಡಿಮೆ. ಮುಂಬೈ, ಚೆನ್ನೈಯವರು ರಸ್ತೆಯಲ್ಲಿ ಕಡಲಿನಿಂದ ಕಡಲಿಗೆ ಮರಳಬಹುದು. ನಮಗೆ ಆ ಭಾಗ್ಯವಿಲ್ಲ, ಘಟ್ಟ ಹತ್ತಲೇಬೇಕು. ಸಕಲೇಶಪುರದ ರೈಲು ಹಿಡಿದರೂ, ಸಾಗರದ ಬಸ್ಸು ಹಿಡಿದರೂ ಅದು ತಪ್ಪದು.

ಮಧ್ಯಾಹ್ನ 1 ಗಂಟೆಗೆ ಕೊನೆಯ ಡೈವ್ ಮುಗಿಸಿ ರಾತ್ರಿ ಬಸ್ಸು ಹಿಡಿದವರು ನಡುರಾತ್ರಿಯ ಹೊತ್ತಿಗೆ ಘಟ್ಟದ ಮೇಲಿರುತ್ತಾರೆ. 18 ಗಂಟೆ ಮುಗಿಯುವುದು ಮರುದಿನ ಬೆಳಗಿನ 7ಕ್ಕೆ. ಬಸ್ಸಿನ ಏರಿಕೆ ವಿಮಾನದಷ್ಟು ಎತ್ತರದ್ದಲ್ಲ, ಅಪಾಯವೂ ಅಷ್ಟು ದೊಡ್ಡದಲ್ಲ, ನಿಜ. ಆದರೆ ಒಂದು ರಾತ್ರಿಯ ನಿದ್ದೆಗಾಗಿ ಆ ಪಂದ್ಯ ಕಟ್ಟುವುದೇಕೆ? ಅಂದು ಮುರುಡೇಶ್ವರದಲ್ಲೇ ತಂಗಿ ಬೆಳಗಿನ ಉಪಾಹಾರದ ನಂತರ ಹೊರಟರೆ ಲೆಕ್ಕ ಸರಿಹೋಗುತ್ತದೆ. ಸೋಮವಾರದ ಕಚೇರಿಯ ಒತ್ತಡವಿದ್ದರೆ ಡೈವ್‌ಗಳನ್ನು ಶನಿವಾರಕ್ಕೇ ಮುಗಿಸುವಂತೆ ಒಂದು ದಿನ ಮುಂಚೆ ಹೊರಡಬೇಕು.

ಊರಿಗೆ ಬಂದ ಮೇಲೆ ಕೀಲು ಸೆಳೆತ, ಜೋಮು ಕಾಣಿಸಿಕೊಂಡರೆ ಪ್ರಯಾಣದ ಆಯಾಸವೆಂದು ನೋವಿನ ಮಾತ್ರೆ ನುಂಗಿ ಮಲಗಬೇಡಿ. ವೈದ್ಯರಿಗೆ ಮೊದಲು ಹೇಳಬೇಕಾದ ಮಾತು ‘ನಾನು ಡೈವ್ ಮಾಡಿ ಬಂದಿದ್ದೇನೆ’ ಎಂಬುದು. ಆ ಒಂದು ವಾಕ್ಯವಿಲ್ಲದಿದ್ದರೆ ಕಾಯಿಲೆ ಪತ್ತೆಯಾಗುವುದು ಕಷ್ಟ.

ಪಾಠ ಮುಗಿಯದಿದ್ದರೆ?

ಕಿವಿ ಬಿಡಲಿಲ್ಲ, ಗಾಳಿ ಎದ್ದಿತು, ಒಂದು ಅಭ್ಯಾಸ ಕೈಹತ್ತಲಿಲ್ಲ. ಹೀಗೆ ನಾಲ್ಕರ ಬದಲು ಎರಡೇ ಡೈವ್ ಆದರೆ ಹಣ ನೀರುಪಾಲಾಯಿತೆಂದು ಕೊರಗಬೇಕಿಲ್ಲ. ಮುಗಿಸಿದಷ್ಟನ್ನು ದಾಖಲಿಸಿಕೊಂಡು, ಉಳಿದುದನ್ನು ಅವಧಿಯೊಳಗೆ ಬೇರೆಡೆ ಪೂರೈಸಬಹುದು. ಮೊದಲ ಎರಡು ಕಡಲ ಡೈವ್ ಮತ್ತು ಅಗತ್ಯ ಪಾಠಗಳನ್ನು ಮುಗಿಸಿದವರಿಗೆ ಪಾಡಿಯಲ್ಲಿ ‘ಸ್ಕೂಬಾ ಡೈವರ್’ ಎಂಬ ಕೆಳಹಂತದ ಕಾರ್ಡೂ ಇದೆ. ಅದರಲ್ಲಿ ವೃತ್ತಿಪರರ ಮೇಲ್ವಿಚಾರಣೆಯಲ್ಲಿ 12 ಮೀಟರ್‌ವರೆಗೆ ಅವಕಾಶ. ಕೈಹತ್ತದ ಅಭ್ಯಾಸಕ್ಕೆ ‘ಪರವಾಗಿಲ್ಲ’ ಎಂದು ಸಹಿ ಹಾಕದ ತರಬೇತುದಾರರ ಮೇಲೆ ಮುನಿಸಿಕೊಳ್ಳದಿರಿ. ನಿಮ್ಮ ಹಿತ ಬಯಸುವವರು ಅವರೇ.

ಹೊರಡುವ ಮುನ್ನ ಕೇಂದ್ರಕ್ಕೆ ಕೆಲವು ಪ್ರಶ್ನೆ ಕೇಳಿ. ಇದು ಪರಿಚಯದ ಡೈವೋ, ಪೂರ್ಣ ಪಾಠವೋ? ಒಬ್ಬ ತರಬೇತುದಾರರಿಗೆ ಎಷ್ಟು ಮಂದಿ? ದೋಣಿಯಲ್ಲಿ ತುರ್ತು ಆಮ್ಲಜನಕ ಇದೆಯೇ? ಹತ್ತಿರದ ಒತ್ತಡ ಚಿಕಿತ್ಸಾ ಕೊಠಡಿ ಎಲ್ಲಿದೆ? ಪ್ರವಾಸದ ವಿಮೆಯಲ್ಲಿ ಸಾಹಸ ಕ್ರೀಡೆಗಳನ್ನು ಹೊರಗಿಡುವುದುಂಟು. ಅದನ್ನೂ ಓದಿ ನೋಡಿ. ಉತ್ತರಿಸಲು ತಡವರಿಸುವವರ ದೋಣಿ ಹತ್ತದಿರುವುದು ಕ್ಷೇಮ.

ನೇತ್ರಾಣಿಯ ಬಂಡೆಗಳು, ಅವುಗಳ ಸುತ್ತ ಸುಳಿಯುವ ಮೀನುಗಳು ಮುಂದಿನ ವರ್ಷವೂ ಅಲ್ಲಿಯೇ ಇರುತ್ತವೆ. ರಜೆ ಮುಗಿಯಿತೆಂದು ಕಡಲು ಮುಗಿಯುವುದಿಲ್ಲ.